ಬಾದಾಮಿ ಗುಡ್ಡದ ಮೂರು ಹಾದಿ: ಕೋಟೆ, ಸಿಡಿಲಫಡಿ, ಮಹಾಕೂಟ

ಬಾದಾಮಿಗೆ ಬಂದವರು ನಾಲ್ಕು ಗುಹೆ ನೋಡುತ್ತಾರೆ, ಅಗಸ್ತ್ಯ ತೀರ್ಥದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಬನಶಂಕರಿಯಲ್ಲಿ ರೊಟ್ಟಿ ಊಟ ಮಾಡಿ ಬಸ್ ಹತ್ತುತ್ತಾರೆ. ಬಾಗಲಕೋಟೆಯವನಾದ ನಾನೂ ನೆಂಟರು ಬಂದಾಗಲೆಲ್ಲ ಇದೇ ಸುತ್ತು ಹೊಡೆಸಿದ್ದೇನೆ. ಗುಡ್ಡವನ್ನು ಕೆಳಗಿನಿಂದ ನೋಡಿದ್ದೇ ಜಾಸ್ತಿ. ಹೋದ ಚಳಿಗಾಲದಲ್ಲಿ ಮಾತ್ರ ಹಟ ಹಿಡಿದು ಮೂರು ಭಾನುವಾರ ಮೂರು ಹಾದಿ ನಡೆದೆ. ಮೂರೂ ಅದೇ ಕೆಂಪು ಮರಳುಗಲ್ಲು. ಆದರೆ ಕಾಲಿಗೆ ಮೂರೂ ಬೇರೆ ಬೇರೆ.

ಮೊದಲನೇ ವಾರ ಉತ್ತರದ ಕೋಟೆ, ಬಾವನ್ ಬಂಡೆ ಕೋಟೆ ಅಂತಾರಲ್ಲ, ಅದು. ಜೊತೆಗೆ ಅಕ್ಕನ ಮಗ. ಬೆಂಗಳೂರಲ್ಲಿ ಓದುವ ಹುಡುಗ. ಟ್ರೆಕ್ಕಿಂಗ್ ಅಂದ್ರೆ ಚಿಕ್ಕಮಗಳೂರು, ಕೊಡಗು ಅಷ್ಟೇ ಅಂತ ಅವನ ಲೆಕ್ಕ. ಕೆರೆ ನೋಡಿದವನೇ "ಮಾಮಾ, ಇಲ್ಲಿ ಕಯಾಕ್ ಸಿಗಲ್ವಾ?" ಅಂದ. ಮೆಟ್ಟಿಲ ಮೇಲೆ ಸಾಲಾಗಿ ಕೂತು ಬಟ್ಟೆ ಒಗೆಯುತ್ತಿದ್ದವರನ್ನು ತೋರಿಸಿ, "ಅವ್ರನ್ನ ಕೇಳು" ಅಂದೆ. ಕಯಾಕ್ ಬೇಕಾದವರು ಕಾರವಾರದ ಕಡೆ ಹೋಗಲಿ.

ಹಾದಿ ಮ್ಯೂಸಿಯಂ ಪಕ್ಕದಿಂದಲೇ ಶುರು. ಸ್ವಲ್ಪ ಹತ್ತುವಷ್ಟರಲ್ಲಿ ಎರಡೂ ಬದಿ ಬಂಡೆ ಎದ್ದು ನಿಲ್ಲುತ್ತದೆ. ತಲೆ ಮೇಲೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಆ ಸಂದಿಯೊಳಗೆ ತಂಪು. ಮೆಟ್ಟಿಲು ಕೆಲವು ಕಡೆ ಮೊಣಕಾಲೆತ್ತರ ಇವೆ. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕೆಳಗಿನ ಶಿವಾಲಯ, ಕಾವಲು ಬುರುಜು, ದುಂಡನೆಯ ಕಣಜ, ಕೊನೆಗೆ ಮೇಲಿನ ಶಿವಾಲಯ. ನಿಂತು ನಿಂತು ನೋಡಿದರೂ ಮೇಲೆ ಮುಟ್ಟಲು ನಮಗೆ ಮುಕ್ಕಾಲು ಗಂಟೆ ಸಾಕಾಯಿತು. 543ರಲ್ಲಿ ಒಂದನೇ ಪುಲಕೇಶಿ ವಾತಾಪಿಯ ಗುಡ್ಡವನ್ನು ಕೋಟೆ ಮಾಡಿದೆ ಅಂತ ಬಂಡೆ ಮೇಲೆ ಕೊರೆಸಿದ್ದು ಇಲ್ಲೇ. ಮೇಲೆ ನಿಂತರೆ ಅವನು ಈ ಜಾಗ ಯಾಕೆ ಹಿಡಿದ ಅಂತ ಯಾರೂ ಹೇಳಬೇಕಿಲ್ಲ. ಎದುರಿಗೆ ಗುಹೆಗಳು, ನಡುವೆ ಹಸಿರು ನೀರು, ಆ ತುದಿಗೆ ಭೂತನಾಥ ಗುಡಿ. ಒಂದು ವಿಚಿತ್ರ ನೋಡಿ: ಕೆಳಗೆ ಬಟ್ಟೆ ಕುಕ್ಕುವ ಸಪ್ಪಳ ಬಂಡೆಗೆ ಬಡಿದು ಮೇಲೆ ಬರುತ್ತದೆ. ಕೈ ಮೇಲೆತ್ತಿದಾಗ ಸದ್ದು ಕೇಳುತ್ತದೆ, ಬಟ್ಟೆ ಕಲ್ಲಿಗೆ ಬಿದ್ದಾಗ ಏನೂ ಕೇಳುವುದಿಲ್ಲ. ಅಳಿಯ ಹತ್ತು ನಿಮಿಷ ಅದನ್ನೇ ನೋಡುತ್ತ ಕೂತ.

ಕೊರತೆ ಅಂದ್ರೆ ಜನ ಮತ್ತು ಮಂಗ. ಬಿಸ್ಕಿಟ್ ಪೊಟ್ಟಣ ಹೊರಗೆ ತೆಗೆದದ್ದೇ ತಡ, ಒಂದು ಮುದಿ ಗಡವ ಬಂದು ಅದನ್ನೂ ಕಿತ್ತುಕೊಂಡಿತು, ನನ್ನ ಕನ್ನಡಕದ ಡಬ್ಬಿಯನ್ನೂ ಒಯ್ದಿತು. ಡಬ್ಬಿ ತೆರೆದು ಮೂಸಿ ಕೆಳಗೆ ಎಸೆಯಿತು. ಕೈಯಲ್ಲಿ ತಿನ್ನುವ ಸಾಮಾನು ಕಾಣಬಾರದು, ಅಷ್ಟೇ. ಗುಹೆ ಬದಿಯ ದಕ್ಷಿಣದ ಕೋಟೆಗೂ ಹತ್ತೋಣ ಅಂದುಕೊಂಡರೆ ಆ ಮೆಟ್ಟಿಲಿಗೆ ಬಾಗಿಲು ಹಾಕಿ ಬೀಗ ಜಡಿದಿದ್ದಾರೆ.

ಕೋಟೆ ಚೆಂದ, ಆದರೆ ಅದು ಮೆಟ್ಟಿಲು ಹತ್ತುವ ಕೆಲಸ. ಕೈ ಊರಿ ಬಂಡೆ ಹತ್ತಬೇಕು ಅನ್ನುವವರಿಗೆ ಸಿಡಿಲಫಡಿಯೇ ಸರಿ.

ಎರಡನೇ ವಾರ ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೋದೆ. ಊರಿಂದ ಮೂರು-ನಾಲ್ಕು ಕಿಲೋಮೀಟರ್, ಅಷ್ಟೇ. ಅಷ್ಟಕ್ಕೇ ನಮಗೆ ಹೆಚ್ಚುಕಡಿಮೆ ಮೂರು ತಾಸು ಹಿಡಿಯಿತು. ಮಣ್ಣಿನ ಮೇಲಾದರೆ ಹಾದಿ ಮೂಡುತ್ತದೆ, ಬಂಡೆ ಮೇಲೆ ಮೂಡುವುದಿಲ್ಲ. ಮೊದಲ ಏರು ಮುಗಿದು ಗುಡ್ಡದ ತಲೆಗೆ ಬಂದರೆ ಎತ್ತ ನೋಡಿದರೂ ಒಂದೇ ಥರ: ಚಪ್ಪಟೆ ಬಂಡೆ, ಜಾಲಿ ಕಂಟಿ, ನಡುನಡುವೆ ಕೊರಕಲು. ಮೊಬೈಲ್ ಮ್ಯಾಪಿನಲ್ಲಿ ನಮ್ಮ ನೀಲಿ ಚುಕ್ಕೆ ಸುಮ್ನೆ ಬಿಳಿ ಜಾಗದಲ್ಲಿ ಕೂತಿತ್ತು. ಅರ್ಧ ತಾಸು ಸುತ್ತಿದ ಮೇಲೆ ಆಡು ಕಾಯುವ ಅಜ್ಜ ಒಬ್ಬರು ಸಿಕ್ಕರು.

"ಎಲ್ಲಿಗ್ ಹೊಂಟೀರಿ?"

"ಸಿಡಿಲಫಡಿಗ್ರಿ ಅಜ್ಜಾರ."

"ಹಂಗಾರ ಅದಕ್ಕ ಬೆನ್ನ್ ಯಾಕ ತೋರ್ಸಾಕತ್ತೀರಿ?"

ಅಜ್ಜ ಕೋಲಿನಿಂದ ತೋರಿಸಿದ ದಿಕ್ಕಿಗೆ ಒಂದು ಕೊರಕಲು ಇಳಿದು ಹತ್ತಬೇಕಿತ್ತು. ನಿಜವಾದ ಮಜಾ ಅಲ್ಲೇ ಇತ್ತು. ಎದೆಯೆತ್ತರದ ಬಂಡೆ. ಎಡಗೈಗೆ ಒಂದು ಬಿರುಕು ಸಿಕ್ಕಿತು, ಬಲಗಾಲಿಗೆ ಎರಡು ಬೆರಳಗಲದ ಅಂಚು. ಕಾಲು ಇಟ್ಟೆ, ಭಾರ ಹಾಕಿದೆ, ತಳದಲ್ಲಿ ಕರಕರ ಅಂತ ಸಕ್ಕರೆ ಕಾಳಿನಂಥ ಮರಳು. ಕಾಲು ಜಾರಿತು, ಅಂಗೈ ಸಿಪ್ಪೆ ಸುಲಿಯಿತು. ಈ ಕಲ್ಲು ಮೇಲೆ ಮೇಲೆ ಉದುರುತ್ತದೆ. ಕಾಲಿಡುವ ಮುಂಚೆ ಅಂಚನ್ನು ಒಮ್ಮೆ ಕೈಯಿಂದ ಒರೆಸಿಕೊಳ್ಳಬೇಕು ಅಂತ ಗೆಳೆಯ ಆಮೇಲೆ ಹೇಳಿದ. ಮುಂಚೆ ಹೇಳಬೇಕಿತ್ತು, ಅಲ್ವಾ? ಮಳೆ ಬಂದ ಮರುದಿನವಂತೂ ಹೋಗಲೇಬೇಡಿ. ನೆಂದ ಮರಳುಗಲ್ಲಿಗೆ ಗಟ್ಟಿತನ ಕಡಿಮೆ, ಹಿಡಿದ ಅಂಚು ಕೈಗೇ ಬರಬಹುದು. ಹಗ್ಗ ಕಟ್ಟಿಕೊಂಡು ಗೋಡೆಯಂಥ ಬಂಡೆ ಹತ್ತಲು ಬಾದಾಮಿಗೆ ದೂರದೂರದಿಂದ ಬರುವವರೂ ಒದ್ದೆ ಕಲ್ಲಿಗೆ ಕೈ ಹಚ್ಚುವುದಿಲ್ಲ.

ಕೊನೆಗೆ ಸಿಡಿಲಫಡಿ ಕಂಡಾಗ ಇಬ್ಬರೂ ಮಾತು ನಿಲ್ಲಿಸಿದೆವು. ಗುಹೆ ಅನ್ನುವುದಕ್ಕಿಂತ ಕಲ್ಲಿನ ಸೇತುವೆ ಅನ್ನಬಹುದು. ಚಾವಣಿಯಲ್ಲಿ ತೂತು. ಸಿಡಿಲು ಬಡಿದು ಆದದ್ದು ಅಂತ ಜನ ಹೇಳುತ್ತಾರೆ, ಹೆಸರೂ ಅದಕ್ಕೇ. ತೂತಿನಿಂದ ಬಿಸಿಲು ಕೋಲಿನ ಹಾಗೆ ನೆಲಕ್ಕೆ ಇಳಿದಿತ್ತು. ಗೋಡೆ ಮೇಲೆ ಆದಿಮಾನವರು ಬರೆದ ಕೆಂಪು ಚಿತ್ರಗಳಿವೆ. ಕಣ್ಣು ನೆರಳಿಗೆ ಹೊಂದಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಪ್ರಾಣಿಯ ಬೆನ್ನು ಕಾಣುತ್ತದೆ, ಬರಬರುತ್ತ ಕಾಲು. ಬಣ್ಣ ಎದ್ದು ಕಾಣಲಿ ಅಂತ ಕೆಲವರು ನೀರು ಚಿಮುಕಿಸುತ್ತಾರಂತೆ. ದಯವಿಟ್ಟು ಬೇಡ. ಪಕ್ಕದಲ್ಲೇ ಯಾರೋ ಪ್ರೇಮಿಗಳು ತಮ್ಮ ಹೆಸರು ಕೊರೆದಿದ್ದನ್ನು ನೋಡಿ ಸಿಟ್ಟು ಬಂತು.

ಅಲ್ಲಿ ನೀರು ಸಿಗುವುದಿಲ್ಲ, ನೆರಳೂ ಅಪರೂಪ. ತಲೆಗೆ ಎರಡು ಲೀಟರ್ ಒಯ್ದಿದ್ದೆವು, ಸಾಲಲಿಲ್ಲ. ಒಬ್ಬರೇ ಹೋಗುವ ಜಾಗ ಅಲ್ಲ. ಹಾದಿ ಗೊತ್ತಿದ್ದ ಊರಿನವರನ್ನು ಕರೆದುಕೊಂಡು ಹೋಗಿ. ಆ ದುಡ್ಡು ಉಳಿಸಲು ಹೋಗಿಯೇ ನಾವು ಕೆಟ್ಟೆವು.

ನಡುವೆ ಒಂದು ಮಾತು. ಬೆಳಗಾವಿ ಜಿಲ್ಲೆಯ ಗೊಡಚಿನಮಲ್ಕಿಯನ್ನು ಈ ಪಟ್ಟಿಗೆ ಯಾಕೆ ಸೇರಿಸಲಿಲ್ಲ ಅಂತ ಗೆಳೆಯರು ಕೇಳಿದರು. ಅಲ್ಲಿಗೂ ಹೋಗಿದ್ದೇನೆ. ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಧುಮುಕುವುದು ಚೆಂದವೇ. ಆದರೆ ಅದು ಮಳೆಗಾಲದ ಮಾತು, ಆಗ ಅಲ್ಲಿ ಬಂಡೆ ಎಲ್ಲ ಪಾಚಿ. ನೋಡಿ ಬರುವ ಜಾಗ, ಹತ್ತುವ ಜಾಗ ಅಲ್ಲ.

ಮೂರನೇ ವಾರ ಮಹಾಕೂಟ. ಜೊತೆಗೆ ಅವ್ವ. ವಯಸ್ಸು 68. ಕೋಟೆಗೂ ಸಿಡಿಲಫಡಿಗೂ ಕರೆದಿದ್ದರೆ ಬೈಯುತ್ತಿದ್ದಳು. ಮಹಾಕೂಟ ಅಂದ ಕೂಡಲೇ ಬುತ್ತಿ ಕಟ್ಟಿದಳು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಝುಣಕ. ರಸ್ತೆಯಲ್ಲಿ ಹೋದರೆ 14 ಕಿಲೋಮೀಟರ್. ಗುಡ್ಡ ದಾಟುವ ಹಳೇ ಕಾಲುಹಾದಿ ಅದರ ಅರ್ಧವೂ ಆಗುವುದಿಲ್ಲ. ಭಕ್ತರು ನಡೆದು ನಡೆದು ಸವೆಸಿದ ಹಾದಿಯಾದ್ದರಿಂದ ತಪ್ಪಿಸಿಕೊಳ್ಳುವ ಭಯ ಕಡಿಮೆ. ಏರು ಇದೆ, ಆದರೆ ದಮ್ಮು ಕಟ್ಟುವಂಥದ್ದಲ್ಲ. ಕೋಟೆಯ ನೋಟ ಇಲ್ಲಿ ಸಿಗುವುದಿಲ್ಲ, ನಿಜ. ಅರ್ಧ ಹಾದಿ ಬರೀ ಕುರುಚಲು ಕಾಡು.

ಆದರೆ ಕೊನೆಯಲ್ಲಿ ಸಿಗುವುದು ಬೇರೆ ಎರಡು ಹಾದಿಗಳಲ್ಲಿ ಇಲ್ಲ. ಗುಡ್ಡ ಇಳಿದರೆ ಹಳೇ ಕಲ್ಲಿನ ಬಾಗಿಲು, ಅದರ ಎರಡು ಬದಿ ಎಲುಬು ಎಣಿಸುವಂಥ ಮೂರ್ತಿಗಳು. ಆಚೆ ದೊಡ್ಡ ಮರಗಳ ನೆರಳಲ್ಲಿ ಗುಡಿಗಳ ಗುಂಪು, ನಡುವೆ ಒರತೆ ನೀರಿನ ಪುಷ್ಕರಣಿ, ನೀರಲ್ಲೇ ನಾಲ್ಕು ಮುಖದ ಲಿಂಗ. ಬೆವರಿನ ಮೈಯಲ್ಲಿ ಆ ನೀರಿಗೆ ಇಳಿದಾಗ ಆದದ್ದನ್ನು ಬರೆಯಲು ಬರುವುದಿಲ್ಲ. ಕಾರಿನಲ್ಲಿ ಬಂದಾಗಲೂ ಇದೇ ಹೊಂಡದಲ್ಲಿ ಮುಳುಗಿದ್ದೇನೆ, ಹೀಗೆ ಅನಿಸಿರಲಿಲ್ಲ. ಇಲ್ಲಿದ್ದ ಚಾಲುಕ್ಯ ದೊರೆ ಮಂಗಳೇಶನ ಶಾಸನದ ಕಂಬ ಈಗ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ಅದನ್ನು ನೋಡಲು ಇನ್ನೊಂದು ಭಾನುವಾರ ಬೇಕು.

ಹಾಗಾಗಿ ನನ್ನ ಓಟು ಮಹಾಕೂಟಕ್ಕೆ. ಒಂದೇ ಬೆಳಗ್ಗೆ ಕೈಯಲ್ಲಿದ್ದರೆ ಕೋಟೆ ಹತ್ತಿ. ಸಿಡಿಲಫಡಿಗೆ ನಾನು ಮತ್ತೆ ಹೋಗುತ್ತೇನೆ, ಆದರೆ ಯಾರಿಗೂ ಸುಮ್ಮನೆ ಹೋಗಿ ಅನ್ನಲಾರೆ. ಯಾವುದಕ್ಕಾದರೂ ನವೆಂಬರ್‌ನಿಂದ ಫೆಬ್ರವರಿ ಒಳಗೆ, ಬೆಳಗ್ಗೆ ಏಳಕ್ಕೆಲ್ಲ ಕಾಲು ಕಿತ್ತಿರಬೇಕು. ಮಾರ್ಚ್ ಬಂತೆಂದರೆ ಬಂಡೆ ಹಂಚಿನ ಹಾಗೆ ಕಾಯುತ್ತದೆ.

ವಾಪಸ್ ಬರಲು ಟಂಟಂ ಹಿಡಿದೆವು. ಗುಡ್ಡ ಬಳಸಿಕೊಂಡು ಹೊರಟ ರಸ್ತೆ ಮುಗಿಯುತ್ತಲೇ ಇರಲಿಲ್ಲ. ಅವ್ವ ಒದ್ದೆ ಸೀರೆಯ ಗಂಟು ತೊಡೆ ಮೇಲಿಟ್ಟುಕೊಂಡು ಗುಡ್ಡವನ್ನೇ ನೋಡುತ್ತಿದ್ದಳು. "ಇಷ್ಟ್ ದೂರ ನಡದಿಲ್ಲಲ್ಲೋ ನಾವು?" ಅಂದಳು. ಡ್ರೈವರ್ ತಿರುಗಿ ನೋಡಿ, "ನಡಕೊಂಡ್ ಬಂದೀರೇನ್ ಆಯಿ?" ಅಂತ ಗಾಡಿಯ ವೇಗ ಸ್ವಲ್ಪ ಕಡಿಮೆ ಮಾಡಿದ.