ಬಾಲ್ಕನಿ ಬಲೆ: ಪಾರಿವಾಳಕ್ಕಲ್ಲ, ಬೆಕ್ಕಿಗೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಎರಡನೇ ಮಹಡಿಯ ಬಾಲ್ಕನಿಗೆ ನೈಲಾನ್ ಬಲೆ ಹಾಕಿಸಿದ್ದೇವೆ. ಅಳತೆಗೆ ಬಂದ ಹುಡುಗ "ಪಾರಿವಾಳಕ್ಕಾ ಮೇಡಂ?" ಅಂದ. "ಇಲ್ಲಪ್ಪ, ಬೆಕ್ಕಿಗೆ" ಅಂದರೆ ನಕ್ಕುಬಿಟ್ಟ.

ನಗಲಿ ಬಿಡಿ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇರುವಾಗ ಹಕ್ಕಿಗಳಿಗೇನು ಬರವೇ? ನಮ್ಮ ಚುಕ್ಕಿ ಕೈಗೆ ಸಿಕ್ಕಿದ್ದನ್ನು ಹಿಡಿದು ಸೋಫಾ ಕೆಳಗೆ ತಂದು ಇಡುತ್ತಿದ್ದಳು. ಬೆಕ್ಕು ಹಕ್ಕಿ ತಿನ್ನೋದು ಸಹಜ ಅಲ್ವಾ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಸಹಜವೇ. ಆದರೆ ಹಕ್ಕಿಜ್ವರದ ಎಚ್5ಎನ್1 ವೈರಸ್ ಬೆಕ್ಕಿಗೂ ತಗಲುತ್ತದೆ, ತಗುಲಿದರೆ ಉಳಿಯುವುದು ಕಷ್ಟ. 2025ರ ಶುರುವಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲೇ ಇದು ಸಿಕ್ಕಿತ್ತು. ಮೈಸೂರಿನವರಿಗೆ ಹಕ್ಕಿಜ್ವರ ಹೊಸದೂ ಅಲ್ಲ. 2017ರ ಜನವರಿಯಲ್ಲಿ ಮೃಗಾಲಯವನ್ನೇ ಒಂದು ತಿಂಗಳು ಮುಚ್ಚಿದ್ದರು. 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನ ಸುತ್ತಮುತ್ತ ಕೋಳಿಗಳನ್ನು ಕೊಲ್ಲಿಸಿದ್ದರು.

ಅದು ಅಪರೂಪದ ಕಾಯಿಲೆ, ಒಪ್ಪುತ್ತೇನೆ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹಾಗಲ್ಲ. ಕಾಯಿಲೆ ಬಿದ್ದ ಗುಬ್ಬಿಯಂಥ ಹಕ್ಕಿಯನ್ನು ಹಿಡಿಯುವುದು ಬೆಕ್ಕಿಗೆ ಸುಲಭ. ಅದನ್ನು ತಿಂದರೆ ಜ್ವರ, ವಾಂತಿ, ಭೇದಿ. ನನಗೆ ಜಾಸ್ತಿ ಚಿಂತೆ ಇದ್ದದ್ದು ಬಸುರಿಯರಿಗೆ ತಗುಲಿದರೆ ಹೊಟ್ಟೆಯ ಮಗುವಿಗೆ ಅಪಾಯ ತರಬಲ್ಲ ಟಾಕ್ಸೋಪ್ಲಾಸ್ಮಾ ಅನ್ನುವ ಪರೋಪಜೀವಿಯ ಬಗ್ಗೆ. ಬಸುರಿ ಮಗಳು ಮನೆಗೆ ಬಂದಿದ್ದಾಳೆ. ಹಕ್ಕಿ, ಇಲಿ ತಿಂದ ಬೆಕ್ಕಿಗೆ ಈ ಪರೋಪಜೀವಿ ಸೇರಿ, ಅದರ ಕಕ್ಕದಲ್ಲಿ ಹೊರಬರುತ್ತದೆ. ಹೊರಬಿದ್ದ ಕೂಡಲೇ ಅಂಟುವುದಿಲ್ಲ, ಒಂದು ದಿನವಾದರೂ ಬೇಕು. ಅದಕ್ಕೇ ಮರಳಿನ ತಟ್ಟೆಯನ್ನು ಈಗ ನಾನೇ ದಿನಾ ತೆಗೆಯುತ್ತೇನೆ, ಮಗಳನ್ನು ಹತ್ತಿರ ಬಿಡುವುದಿಲ್ಲ. ಇದೇ ನೆಪದಲ್ಲಿ ಬೆಕ್ಕನ್ನೇ ಯಾರಿಗಾದರೂ ಕೊಟ್ಟುಬಿಡಿ ಅನ್ನುವವರ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ.

ಇನ್ನು ಬಲೆಯ ವಿಷಯ. ಮೊದಲು ತಂದದ್ದು ಪಾರಿವಾಳಕ್ಕೆ ಹಾಕುವ ಎರಡಿಂಚು ಕಣ್ಣಿನ ಬಲೆ. ಅದರಲ್ಲಿ ಸೂರಕ್ಕಿ ಆರಾಮಾಗಿ ನುಗ್ಗುತ್ತದೆ, ಚುಕ್ಕಿಯ ಕೈ ಇಡೀ ಹೊರಗೆ ಹೋಗುತ್ತದೆ. ವಾಪಸ್ ಕಳಿಸಿ ಒಂದಿಂಚಿನದು ತರಿಸಿದೆ. ರೇಟು ಸ್ವಲ್ಪ ಮೇಲೆ, ಆದರೆ ಬೆಕ್ಕಿರುವವರು ಇದನ್ನೇ ಕೇಳಿ. ಕೆಲಸ ಅಚ್ಚುಕಟ್ಟು. ಹುಕ್‌ಗಳನ್ನು ಹತ್ತಿರ ಹತ್ತಿರ ಹೊಡೆದು, ಸುತ್ತಲೂ ದಪ್ಪ ಹಗ್ಗ ಪೋಣಿಸಿ ಬಿಗಿದಿದ್ದಾರೆ. ಡ್ರಿಲ್ ಮಾಡಿದ ಧೂಳನ್ನು ಮಾತ್ರ ಹಾಗೇ ಬಿಟ್ಟು ಹೋದರು. ಒಗೆದ ಬಟ್ಟೆಯ ಮೇಲೆಲ್ಲ ಸುಣ್ಣ!

ಎರಡು ಕೊರತೆ ಹೇಳಲೇಬೇಕು. ಎಸಿ ಇಟ್ಟಿರುವ ಕಟ್ಟೆ ಬಲೆಯ ಹೊರಗೇ ಉಳಿದಿದೆ. ಪಾರಿವಾಳ ಅಲ್ಲಿ ಕೂತು ಹಾಕುವ ಹಿಕ್ಕೆ ಗಾಳಿಗೆ ಒಳಗೆ ಬರುತ್ತದೆ. ಆ ಕಟ್ಟೆಯನ್ನೂ ಸೇರಿಸಿ ಅಳತೆ ತೆಗೆಸಿ. ಮತ್ತೆ, ನೈಲಾನನ್ನು ಬೆಕ್ಕು ಕಚ್ಚುತ್ತದೆ. ಕೆಳಗಿನ ಒಂದು ಮೂಲೆಯಲ್ಲಿ ಎಳೆ ಆಗಲೇ ಸವೆದಿದೆ. ಕೆಳಗಿನ ಎರಡಡಿಗೆ ಸ್ಟೀಲ್ ಜಾಲರಿ ಹಾಕಿಕೊಡುತ್ತೀರಾ ಅಂತ ಕೇಳಿದ್ದೇನೆ, ಮುಂದಿನ ವಾರ ಬರುತ್ತಾರಂತೆ.