ಪಿಟಿಎಫ್‌ಇ ಫ್ಯೂಯಲ್ ಹೋಸ್: ವಾಸನೆ ಹೋಯಿತು, ಬಗ್ಗಿಸುವ ಕಾಟ ಹೋಗಲಿಲ್ಲ

ಕಾರಿನ ಪೆಟ್ರೋಲ್ ಸಾಗಿಸುವ ಈ ಹೋಸ್‌ನ ಒಳಪದರ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಪ್ಲಾಸ್ಟಿಕ್; ಹೊರಗೆ ಸ್ಟೀಲ್ ಹೆಣಿಗೆ. ಇದರ ಲಾಭ ಮೊದಲು ತಿಳಿಯುವುದು ಮೂಗಿಗೆ. ರಬ್ಬರ್ ಒಳಪದರದ ಸ್ಟೀಲ್ ಹೆಣಿಗೆಯ ಹೋಸ್‌ನಲ್ಲಿ ಒಂದು ಹನಿಯೂ ಸೋರದಿದ್ದರೂ ಪೆಟ್ರೋಲ್ ಆವಿ ಗೋಡೆಯ ಮೂಲಕವೇ ಹೊರಬರುತ್ತದೆ. ಗ್ಯಾರೇಜ್ ಬಾಗಿಲು ತೆಗೆದ ಕೂಡಲೇ ಘಾಟು. ಅದಕ್ಕೆ ಫಿಟ್ಟಿಂಗ್ ಸಡಿಲವಾಗಿದೆಯೆಂದು ಬಿಗಿ ಮಾಡುತ್ತ ಹೋದರೆ ಅಲ್ಯೂಮಿನಿಯಂ ಥ್ರೆಡ್ ಕೆಡುತ್ತದೆಯೇ ಹೊರತು ವಾಸನೆ ಹೋಗುವುದಿಲ್ಲ. ಪಿಟಿಎಫ್‌ಇ ಹಾಕಿದ ಮೇಲೆ ವರ್ಷಗಳೇ ಉರುಳಿದರೂ ಆ ಘಾಟು ಮತ್ತೆ ಬಂದಿಲ್ಲ. ಎಥನಾಲ್ ಬೆರೆತ ಇಂಧನಕ್ಕೂ ಈ ಒಳಪದರ ಉಬ್ಬುವುದಿಲ್ಲ, ಗಟ್ಟಿಯಾಗಿ ಬಿರುಕು ಬಿಡುವುದೂ ಇಲ್ಲ.

ಕೊಳ್ಳುವಾಗ ಒಂದನ್ನು ನೋಡಲೇಬೇಕು: ಒಳಪದರ ಕಪ್ಪಗಿರಬೇಕು, ಅಂದರೆ ಕಾರ್ಬನ್ ಬೆರೆಸಿರಬೇಕು. ಬಿಳಿ ಪಿಟಿಎಫ್‌ಇಯಲ್ಲಿ ಇಂಧನ ರಭಸವಾಗಿ ಹರಿದಾಗ ಸ್ಥಿರವಿದ್ಯುತ್ ಶೇಖರವಾಗಿ, ಹೆಣಿಗೆಯ ಕಡೆಗೆ ಕಿಡಿ ಹಾರಿ, ಸೂಜಿಮೊನೆಯಷ್ಟು ರಂಧ್ರ ಬೀಳುವ ಅಪಾಯವಿದೆ. ಬ್ರೇಕ್‌ಗೆ ಬಿಳಿಯದು ಸಾಕು, ಪೆಟ್ರೋಲ್‌ಗೆ ಬೇಡ.

ಇಷ್ಟರವರೆಗೆ ಹೊಗಳಿಕೆ. ಜೋಡಣೆಗೆ ಕೂತರೆ ಇದರ ಇನ್ನೊಂದು ಮುಖ ಕಾಣುತ್ತದೆ. ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ, ತೆಳ್ಳನೆಯ ಕಟಿಂಗ್ ವೀಲ್‌ನಲ್ಲಿ ಅಡ್ಡಕ್ಕೆ ನೇರವಾಗಿ ಕೊಯ್ಯಬೇಕು. ಒಂದೇ ಒಂದು ಸ್ಟೀಲ್ ಎಳೆ ಚಾಚಿಕೊಂಡಿದ್ದರೂ ಅದು ಬೆರಳಿಗೆ ಚುಚ್ಚುತ್ತದೆ, ಒಳಗೂ ಸಿಕ್ಕಿಕೊಳ್ಳುತ್ತದೆ. ಮೊದಲು ನಟ್ ತೂರಿಸಿ, ಹೆಣಿಗೆಯನ್ನು ಸುತ್ತಲೂ ಹೊರಕ್ಕೆ ಬಿಡಿಸಿ, ಹಿತ್ತಾಳೆ ಆಲಿವ್ (ಸೋರದಂತೆ ಬಿಗಿಯಾಗಿ ಹಿಡಿಯುವ ಪುಟ್ಟ ಬಳೆ) ಅನ್ನು ಹೆಣಿಗೆಗೂ ಒಳಕೊಳವೆಗೂ ನಡುವೆ ಇಳಿಸಬೇಕು. ಕೊಳವೆಯ ಅಂಚು ಆಲಿವ್‌ನ ಒಳ ಮೆಟ್ಟಿಲಿಗೆ ಚೊಕ್ಕವಾಗಿ ಕೂರಬೇಕು. ಓರೆಯಾಗಿ ಕೂತರೆ ಪಂಪ್ ಚಾಲೂ ಆದ ಕೂಡಲೇ ಅಲ್ಲೇ ಜಿನುಗುತ್ತದೆ. ಫಿಟ್ಟಿಂಗ್‌ನ ನಿಪ್ಪಲ್‌ಗೆ (ಕೊಳವೆಯೊಳಗೆ ಹೋಗುವ ಮೂತಿಗೆ) ಎಣ್ಣೆ ಸವರಿ ಒಳಗೆ ತಳ್ಳಿ, ನಟ್‌ಗೂ ಫಿಟ್ಟಿಂಗ್‌ನ ಆರು ಮುಖದ ಹೆಕ್ಸ್‌ಗೂ ಸುಮಾರು 1 ಮಿಮೀ ಸಂದು ಉಳಿಯುವವರೆಗೆ ತಿರುಗಿಸಿ. ಬಿಚ್ಚಿದರೆ ಆಲಿವ್ ಹೊಸದೇ ಹಾಕಬೇಕು, ಹೆಚ್ಚುವರಿ ನಾಲ್ಕಾರು ತೆಗೆದಿಟ್ಟುಕೊಳ್ಳಿ. ರಬ್ಬರ್ ಹೋಸ್‌ನ ಎಂಡ್‌ಗಳು (ತುದಿಯ ಫಿಟ್ಟಿಂಗ್‌ಗಳು) ಇದಕ್ಕೆ ಕೂರುವುದಿಲ್ಲ, ಇದರವು ಅದಕ್ಕೂ ಆಗುವುದಿಲ್ಲ.

ಕಾಟ ಎಂದಿದ್ದು ಬಗ್ಗಿಸುವುದನ್ನು. ಎಎನ್-6 (ಎಎನ್ ಎನ್ನುವುದು ಹೋಸ್-ಫಿಟ್ಟಿಂಗ್‌ಗಳ ಅಳತೆಪದ್ಧತಿ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ) ಅಳತೆಯಲ್ಲೇ ಸುಮಾರು 100 ಮಿಮೀ ತ್ರಿಜ್ಯ ಕೇಳುವ ಹೋಸ್‌ಗಳಿವೆ. ಅದಕ್ಕಿಂತ ಬಿಗಿಯಾಗಿ ಮಡಿಸಿದರೆ ಒಳಕೊಳವೆ ಚಪ್ಪಟೆಯಾಗಿ ನಿಂತುಬಿಡುತ್ತದೆ. ಕೈಯಲ್ಲಿ ಹಿಸುಕಿ ಸರಿ ಮಾಡಿದಂತೆ ಕಂಡರೂ ಆ ಜಾಗ ದುರ್ಬಲವೇ, ಕತ್ತರಿಸಿ ಎಸೆಯುವುದೇ ದಾರಿ. ಹೋಸ್ ಉಳಿಸಲು ನೇರ ಫಿಟ್ಟಿಂಗ್‌ನಿಂದ ತಿರುವು ಎಳೆಯುವುದು ದಂಡದ ಉಳಿತಾಯ. ಟ್ಯಾಂಕ್ ಮೇಲೆ ಮತ್ತು ಫ್ಯೂಯಲ್ ರೈಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಹತ್ತಿರ 90 ಅಥವಾ 120 ಡಿಗ್ರಿಯ ಎಂಡ್ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ.

ಕಾರಿನಡಿಯ ಉದ್ದ ಓಟಕ್ಕಂತೂ ಹೋಸ್ ಬೇಡವೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಸ್ಟೀಲ್ ಅಥವಾ ಅಲ್ಯೂಮಿನಿಯಂ ಪೈಪ್ ಎಳೆದು, ಎರಡು ತುದಿಗಳಲ್ಲಿ ಮಾತ್ರ ಪಿಟಿಎಫ್‌ಇ ತುಂಡು ಬಳಸಿದರೆ ಖರ್ಚೂ ಇಳಿಯುತ್ತದೆ, ತೂಗಾಟವೂ ಇರುವುದಿಲ್ಲ. ಪೈಪ್ ತುದಿಯ ಫ್ಲೇರ್ (ಕೊಳವೆ ಬಾಯಿಯನ್ನು ಹೊರಕ್ಕೆ ಅಗಲಿಸಿದ ಕೋನ) 37 ಡಿಗ್ರಿ ಇರಬೇಕು. ಬ್ರೇಕ್ ಪೈಪ್‌ಗೆ ಬಳಸುವ 45 ಡಿಗ್ರಿ ಉಪಕರಣದಲ್ಲಿ ಮಾಡಿದರೆ ಸೀಟ್ ಕೂರದೆ ಸೋರುತ್ತದೆ. ರಬ್ಬರ್ ಒಳಪದರದ ಪಿ-ಕ್ಲಾಂಪ್ (ಪೈಪನ್ನು ಬಾಡಿಗೆ ಹಿಡಿದಿಡುವ ಪಟ್ಟಿ) ಪ್ರತಿ 30ರಿಂದ 45 ಸೆಂ.ಮೀ.ಗೆ ಒಂದು ಸಾಕು. ಬರಿ ಸ್ಟೀಲ್ ಹೆಣಿಗೆ ವೈರನ್ನೂ ಪೇಂಟನ್ನೂ ಗರಗಸದಂತೆ ಕೊಯ್ಯುವುದರಿಂದ ನೈಲಾನ್ ಹೊದಿಕೆಯದನ್ನೇ ತೆಗೆದುಕೊಳ್ಳಿ. ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತದೆ, ಹಾಗಾಗಿ ಬಾಡಿಯಿಂದ ಎಂಜಿನ್‌ಗೆ ಹೋಗುವ ತುಂಡಿನಲ್ಲಿ ಸ್ವಲ್ಪ ಸಡಿಲ ಬಿಡಬೇಕು. ಎಕ್ಸಾಸ್ಟ್ ಹತ್ತಿರ ಹಾದುಹೋಗುವುದು ಅನಿವಾರ್ಯವಾದರೆ ಹೀಟ್ ಸ್ಲೀವ್ ಕಡ್ಡಾಯ.

ಫಿಟ್ಟಿಂಗ್ ಗೊಂದಲದ ಬಗ್ಗೆ ಒಂದು ಮಾತು. ಎಎನ್-6 ಫ್ಲೇರ್ ಮತ್ತು ಓ-ರಿಂಗ್ ಬಾಸ್ (ರಬ್ಬರ್ ಉಂಗುರ ಕೂರುವ ರಂಧ್ರ) ಎರಡರದ್ದೂ 9/16-18 (9/16 ಇಂಚು, ಇಂಚಿಗೆ 18 ಎಳೆ) ಥ್ರೆಡ್ಡೇ, ಆದರೆ ಒಂದರಲ್ಲಿ ತಡೆಯುವುದು ಲೋಹದ ಕೋನ, ಇನ್ನೊಂದರಲ್ಲಿ ಓ-ರಿಂಗ್. ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಕೂರುತ್ತದೆ, ಆದರೆ ಸೋರಿಕೆ ತಡೆಯುವುದಿಲ್ಲ. ಎರಡಕ್ಕೂ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರು ಇಂಜೆಕ್ಟರ್ ಬಾಯಿಗೆ ಹೋಗಿ ಕೂರುತ್ತದೆ. ಸೀಲಂಟ್ ಬೇಕಾಗುವುದು ಎನ್‌ಪಿಟಿ ಎಂಬ, ತುದಿಯತ್ತ ಕಿರಿದಾಗುವ ಪೈಪ್ ಥ್ರೆಡ್‌ಗೆ ಮಾತ್ರ, ಅದೂ ಪೆಟ್ರೋಲ್ ತಡೆಯುವ ಪೇಸ್ಟ್. ಟ್ಯಾಂಕ್ ಒಳಗಿನ ತುಂಡಿಗೆ ಎಸ್‌ಎಇ ಜೆ30ಆರ್10 ಎಂದು ಬರೆದಿರುವ ಹೋಸ್ ಬೇಕು. ಅದೇ ಮಾನದಂಡದ ಆರ್9 ಹೋಸ್ ಇರುವುದು ತನ್ನೊಳಗೆ ಪೆಟ್ರೋಲ್ ಹರಿಯಲಷ್ಟೇ, ಪೆಟ್ರೋಲ್‌ನಲ್ಲಿ ಮುಳುಗಿರಲು ಅಲ್ಲ.

ಹೊಸದಾಗಿ ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್-ಆಫ್ ಮಾಡಿ ಪಂಪ್‌ನಿಂದ ಒತ್ತಡ ಏರಿಸಿ, ಅಗ್ನಿಶಾಮಕ ಪಕ್ಕದಲ್ಲೇ ಇರಲಿ. ಆಮೇಲೆ ಪ್ರತಿ ಜಾಯಿಂಟ್ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ಜಿನುಗು ಅದರಲ್ಲಿ ಕಲೆಯಾಗಿ ಕಾಣುತ್ತದೆ. ಕಾರು ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ. ಆಮೇಲೆ ವಾರಕ್ಕೊಮ್ಮೆ ಬಾನೆಟ್ ತೆಗೆದಾಗ ಅದೇ ಟಿಶ್ಯೂ ರೈಲ್ ತುದಿಗೆ ತಾಗಿಸುವುದು ಅಭ್ಯಾಸವಾಗಿಬಿಡುತ್ತದೆ, ಅರ್ಧ ನಿಮಿಷದ ಕೆಲಸ.

ರಿಟರ್ನ್ ಲೈನ್ (ಮಿಕ್ಕ ಇಂಧನ ಟ್ಯಾಂಕ್‌ಗೆ ಮರಳುವ ದಾರಿ) ಕಿರಿದಾದರೆ ಐಡಲ್‌ನಲ್ಲಿ ಇಂಧನದ ಒತ್ತಡ ತಾನಾಗಿ ಏರುತ್ತದೆ, ಒತ್ತಡ ಹೊಂದಿಸುವ ರೆಗ್ಯುಲೇಟರ್ ತಿರುಗಿಸಿದರೂ ಇಳಿಯುವುದಿಲ್ಲ. ದೊಡ್ಡ ಪಂಪ್ ಹಾಕುವ ಯೋಚನೆಯಿದ್ದವರು ಫೀಡ್ (ಎಂಜಿನ್‌ಗೆ ಹೋಗುವ ಲೈನ್) ಎಎನ್-8, ರಿಟರ್ನ್ ಎಎನ್-6 ಎಂದು ಮೊದಲೇ ನಿಶ್ಚಯಿಸಲಿ. ಸಾಧಾರಣ ರಸ್ತೆ ಕಾರಿಗೆ ಎರಡೂ ಎಎನ್-6 ಸಾಕು. ಬಜೆಟ್ ಬಿಗಿಯಿದ್ದರೆ ಹೋಸ್‌ನ ಉದ್ದ ಕಡಿಮೆ ಮಾಡಿ, ಎಂಡ್‌ಗಳ ಗುಣಮಟ್ಟದಲ್ಲಿ ಕೈ ಬಿಗಿ ಹಿಡಿಯಬೇಡಿ.