ಕಣಕುಂಬಿಯ ಕಾಡಿಗೆ ಯಾವ ವಾಕಿಟಾಕಿ?

ಖಾನಾಪುರದಿಂದ ಜಾಂಬೋಟಿ, ಕಣಕುಂಬಿಯತ್ತ ಚಾರಣ ಹೊರಡುವವರ ಮುಂದಿರುವುದು ಎರಡು ಆಯ್ಕೆ. ಒಂದು, ಪರವಾನಗಿ ಬೇಡದ 446 ಮೆಗಾಹರ್ಟ್ಸ್‌ನ ಪುಟ್ಟ ಸೆಟ್. ಇನ್ನೊಂದು, ಹವ್ಯಾಸಿಗಳು ಬಳಸುವ 5 ವಾಟ್‌ನ ಹ್ಯಾಮ್ ರೇಡಿಯೊ.

ಡಬ್ಬಿಯ ಮೇಲಿನ ‘ಹತ್ತಾರು ಕಿಲೋಮೀಟರ್’ ಮಾತನ್ನು ಮೊದಲು ಮರೆತುಬಿಡಿ. ಈ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುತ್ತವೆ. ವಿಜಯಪುರದ ಬಯಲಿನಲ್ಲಿ ಚೆನ್ನಾಗಿ ಕೇಳುವ ಸೆಟ್ಟೇ ಇಲ್ಲಿನ ಕಣಿವೆಯಲ್ಲಿ, ಒದ್ದೆ ಎಲೆಗಳ ನಡುವೆ ಒಂದೆರಡು ಕಿಲೋಮೀಟರಿಗೇ ಗೊರಗೊರ ಎನ್ನಬಹುದು. ವಾಟ್ ಹೆಚ್ಚಿದ್ದರೂ ಗುಡ್ಡ ಅಡ್ಡ ಬಂದರೆ ಅಷ್ಟಕ್ಕಷ್ಟೆ. ಹತ್ತು ಹೆಜ್ಜೆ ದಿಬ್ಬ ಹತ್ತಿ, ಆಂಟೆನಾ ನೆಟ್ಟಗೆ ಹಿಡಿದು ಮಾತನಾಡಿದರೆ ಆಗುವ ಲಾಭ ಹಲವು ಸಲ ಅದಕ್ಕಿಂತ ದೊಡ್ಡದು.

ಹ್ಯಾಮ್ ಸೆಟ್‌ಗೆ 144–146 ಮೆಗಾಹರ್ಟ್ಸ್ ಸಿಗುತ್ತದೆ, ಉದ್ದ ಆಂಟೆನಾ ಹಾಕಬಹುದು, ರಿಪೀಟರ್ (ನಮ್ಮ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಕೇಂದ್ರ) ನಿಲುಕಿದರೆ ದೂರವೂ ದಕ್ಕುತ್ತದೆ. ಆದರೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ತಂಡದಲ್ಲಿ ಒಬ್ಬರ ಬಳಿ ಇದ್ದರೆ ಸಾಲದು, ಮಾತನಾಡುವ ಪ್ರತಿಯೊಬ್ಬರಿಗೂ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಪರವಾನಗಿಯಿಲ್ಲದೆ ಕೊಳ್ಳುವುದು ತಪ್ಪು.

446ರ ಸೆಟ್ಟಿಗೆ ಆ ತಲೆನೋವಿಲ್ಲ, ಆದರೆ ಸರ್ಕಾರ ಕೊಡುವ ಇಟಿಎ (ಉಪಕರಣ ಮಾದರಿ) ಅನುಮೋದನೆ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಮಳೆಗಾಲಕ್ಕೆ ಐಪಿ67 ಗುರುತಿನದ್ದೇ ಇರಲಿ, ಅಂದರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ತಾಳುವಂಥದ್ದು. ಐಪಿ54 ತುಂತುರಿಗೆ ಸರಿ, ಹಳ್ಳಕ್ಕೆ ಬಿದ್ದರೆ ಮುಗಿಯಿತು. ಸಾಮಾನ್ಯ ಪೆನ್ಸಿಲ್ ಸೆಲ್ ಹಾಕಬಹುದಾದ ಮಾದರಿ ನನಗೆ ಇಷ್ಟ: ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ.

ಐದಾರು ಜನರ ತಂಡಕ್ಕೆ ನಾನಾದರೆ 446ನ್ನೇ ಕೊಳ್ಳುತ್ತೇನೆ, ಮುಂದಿರುವವರಿಗೊಂದು, ಹಿಂದುಳಿಯುವವರಿಗೊಂದು.